ಮೆರುಗಪ್ಪ ಕಂಡುಹಿಡಿದ ಮಂಕು ಪಟ್ಟಿ

ಬಣ್ಣದಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಅಳಿಯನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದ. ಒಂದು ಗಿರಾಕಿಯ ಚಪ್ಪಲಿ ನೋಡುತ್ತಿತ್ತು, ಇನ್ನೊಂದು ಎದುರಿನ ಕನ್ನಡಿಯಲ್ಲಿ ತನ್ನದೇ ಕ್ರಾಪು ನೋಡಿಕೊಳ್ಳುತ್ತಿತ್ತು. ಗಿರಾಕಿಯ ಮನೆಯ ಗೋಡೆ ಹೇಗಿದೆ ಎಂದು ಯೋಚಿಸಲು ಮೂರನೆಯ ಕಣ್ಣೇ ಬೇಕಿತ್ತು, ಅದು ಅವನಿಗಿರಲಿಲ್ಲ. ಇದು ಅವನ ಅತ್ತೆಯ ಮಾತು. ತನ್ನ ಕಣ್ಣು ಇನ್ನೂ ಚೆನ್ನಾಗಿದ್ದ ಕಾಲದಲ್ಲಿ, ಮಗಳಿಗಾಗಿ ಕಾಯುತ್ತ ಆಕೆ ಆ ಅಂಗಡಿಯ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದಳು. ಅಳಿಯನ ಜಾತಕ ಓದಲು ಅಷ್ಟು ಹೊತ್ತು ಸಾಕಾಗಿತ್ತು.

ಅಂದು ಬಂದ ಗಿರಾಕಿಗಳಲ್ಲಿ ಒಬ್ಬ ಮೇಷ್ಟ್ರಿದ್ದ. ಹಳೆಯ ಮನೆ, ಗೋಡೆಯೆಲ್ಲ ಉಬ್ಬುತಗ್ಗು, ಯಾವ ಬಣ್ಣ ಹಾಕಿಸಲಿ ಎಂದು ಕೇಳಿದ.

“ಗ್ಲಾಸ್ ಫಿನಿಶ್ ಹಾಕ್ಸಿ ಸಾರ್,” ಎಂದ ಅಳಿಯ, ಪ್ರಶ್ನೆ ಮುಗಿಯುವ ಮುಂಚೆಯೇ.

“ಮ್ಯಾಟ್ ಹಾಕಿದ್ರೆ ಉಬ್ಬುತಗ್ಗು ಕಾಣಲ್ಲ ಅಂತಾರಲ್ಲ?”

“ಮ್ಯಾಟಾ? ಮ್ಯಾಟ್ ಅಂದ್ರೆ ಮುಖ ತೊಳೀದೆ ಆಫೀಸಿಗೆ ಹೋದ ಹಾಗೆ ಸಾರ್. ಹೊಳೀಬೇಕು! ಹೊಳೆದ್ರೇನೇ ಗೋಡೆ, ಇಲ್ದಿದ್ರೆ ಬರೀ ಮಣ್ಣು.”

ಬಣ್ಣದ ವಿಷಯ ಅಂಥ ಬ್ರಹ್ಮವಿದ್ಯೆಯೇನಲ್ಲ. ಮಂಕಾದ ಮ್ಯಾಟ್ ಬೆಳಕನ್ನು ನುಂಗಿಕೊಳ್ಳುತ್ತದೆ, ಗೋಡೆಯ ಹುಳುಕು ಮುಚ್ಚುತ್ತದೆ, ಆದರೆ ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ತಿಕ್ಕಿದರೆ ಸೋಲುತ್ತದೆ. ಕನ್ನಡಿಯಂತೆ ಹೊಳೆಯುವ ಗ್ಲಾಸ್ ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ, ಆದರೆ ಗೋಡೆಯ ಒಂದೊಂದು ಗುಳಿಯನ್ನೂ ಊರಿಗೆಲ್ಲ ಡಂಗುರ ಸಾರುತ್ತದೆ. ಇವೆರಡರ ನಡುವೆ ಸ್ಯಾಟಿನ್. ಬಾಗಿಲಿಗೆ ಯಾವುದು, ಅಡುಗೆಮನೆಗೆ ಯಾವುದು, ಮಲಗುವ ಕೋಣೆಗೆ ಯಾವುದು ಎಂಬುದು ಡಬ್ಬದ ಬೆನ್ನಿನ ಮೇಲೆಯೇ ಅಚ್ಚಾಗಿರುತ್ತದೆ. ಅಳಿಯ ವರ್ಷಗಟ್ಟಲೆ ಆ ಡಬ್ಬಗಳನ್ನು ಎತ್ತಿ ಇಟ್ಟಿದ್ದ. ತಿರುಗಿಸಿ ಓದಿರಲಿಲ್ಲ.

ಅದೇ ಮಧ್ಯಾಹ್ನ ಹೊಸದಾಗಿ ಮದುವೆಯಾದ ಜೋಡಿಯೊಂದು ಮುಖ ಸಣ್ಣಗೆ ಮಾಡಿಕೊಂಡು ವಾಪಸು ಬಂದಿತ್ತು. ಇವನ ಮಾತು ಕೇಳಿ ಮಲಗುವ ಕೋಣೆಗೆಲ್ಲ ಗ್ಲಾಸ್ ಬಳಿಸಿದ್ದರು.

“ಸ್ಟೀಲ್ ಲೋಟದೊಳಗೆ ಮಲಗಿದ ಹಾಗಾಗುತ್ತೆ ಅಣ್ಣಾ,” ಎಂದಳು ಹುಡುಗಿ.

“ದೀಪ ಆರಿಸಿ ಮಲಗಮ್ಮ,” ಎಂದ ಅಳಿಯ.

ಜೊತೆಯ ಕೆಲಸಗಾರರು ಅವನಿಗೆ ಮೆರುಗಪ್ಪ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ. ಅವನ ಅಂಗಿ ಹೊಳೆಯುತ್ತಿತ್ತು, ಕೂದಲು ಹೊಳೆಯುತ್ತಿತ್ತು, ಬೂಟಿನ ಮೂತಿ ಹೊಳೆಯುತ್ತಿತ್ತು. ಬೂಟಿನ ಹಿಮ್ಮಡಿಗೆ ಪಾಲಿಶ್ ಕಂಡೇ ಗೊತ್ತಿರಲಿಲ್ಲ. ಹಿಂದಿನಿಂದ ನೋಡುವವರು ಹೇಗೂ ದಾಟಿಹೋದವರು, ಅವರಿಗೇಕೆ ಖರ್ಚು ಎಂಬ ಲೆಕ್ಕ. ಈ ಮುಂಭಾಗದ ಹೊಳಪನ್ನು ನೋಡಿಯೇ ಮಗಳು ಮರುಳಾಗಿ ಮದುವೆಯಾಗಿದ್ದಳು. ಮದುವೆಯಾದ ಮೇಲೆ ಅವನು ಅತ್ತೆಯ ಮನೆಗೇ ಬಂದು ಬಿಡಾರ ಹೂಡಿದ. ಮನೆಯಳಿಯ ಎಂದು ಯಾರಾದರೂ ಅಂದರೆ ಮುಖ ಕೆಂಪಾಗುತ್ತಿತ್ತು. “ಅತ್ತೆಗೆ ಆಸರೆ ಬೇಕಲ್ಲ, ಅದಕ್ಕೆ ಇದೀನಿ,” ಎನ್ನುತ್ತಿದ್ದ.

ಅತ್ತೆಗೆ ಆಸರೆಯಾಗಿದ್ದದ್ದು ಅವನಲ್ಲ, ಅವಳ ಗೋಡೆ. ಆದರೆ ಆ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು.

ಆಕೆಯನ್ನು ಬೀದಿಯವರೆಲ್ಲ ಟಾರ್ಚಮ್ಮ ಎನ್ನುತ್ತಿದ್ದರು. ವಯಸ್ಸೆಲ್ಲ ಚಿತ್ರಮಂದಿರದಲ್ಲಿ ಸವೆಸಿದವಳು. ಆಟ ಶುರುವಾದ ಮೇಲೆ ತಡವಾಗಿ ಬಂದವರನ್ನು ಟಾರ್ಚು ಹಿಡಿದು ಅವರವರ ಸೀಟಿಗೆ ಕರೆದುಕೊಂಡು ಹೋಗುವುದು ಅವಳ ಕೆಲಸ. ಬೆಳಕು ಬೇರೆಯವರ ಕಾಲಿಗೆ, ಕತ್ತಲು ತನ್ನ ಕಾಲಿಗೆ. ಟಾರ್ಚನ್ನು ಹಿಂದಕ್ಕೆ ಹಿಡಿದು ಮುಂದೆ ನಡೆಯುವಾಗ ಅವಳ ಇನ್ನೊಂದು ಕೈ ಗೋಡೆಗೆ ಹೊದಿಸಿದ ದಪ್ಪ ಬಟ್ಟೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು. ಬಟ್ಟೆಯ ಹೊಲಿಗೆ ಬಂದಾಗ ಸಾಲು ಬಂತೆಂದು ಗೊತ್ತು. ಎಡವಿದಳು ಎಂಬ ಮಾತು ಆ ಕಟ್ಟಡದಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಆ ಸಂಬಳದಲ್ಲಿ ಕಟ್ಟಿಸಿದ್ದೇ ಈ ಪುಟ್ಟ ಮನೆ. ಎರಡು ಕೋಣೆ, ಒಂದು ನಡುಮನೆ, ನಡುವೆ ಒಂದು ಓಣಿಯಂಥ ದಾರಿ, ದಾರಿಯ ಕೊನೆಗೆ ಬಚ್ಚಲು.

ನಿವೃತ್ತಿಯಾದ ಮೇಲೆ ಕಣ್ಣು ಮಸುಕಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೆ ದಕ್ಕುವಂಥದ್ದಲ್ಲ ಎಂದರು ಡಾಕ್ಟರು. ಬೆಳಕು ಕಾಣುತ್ತಿತ್ತು, ನೆರಳು ಕಾಣುತ್ತಿತ್ತು, ಬಿಳಿಯ ಪಕ್ಕದಲ್ಲಿ ಕಪ್ಪಿದ್ದರೆ ತಿಳಿಯುತ್ತಿತ್ತು. ಅಷ್ಟೇ. ಟಾರ್ಚಮ್ಮ ಹೆದರಲಿಲ್ಲ. ಮನೆಯ ಗೋಡೆಗೆ ಸೊಂಟದೆತ್ತರದವರೆಗೆ ಕಂದು ಬಣ್ಣದ ಆಯಿಲ್ ಪೇಂಟ್ ಇತ್ತು, ಅಲ್ಲಿಂದ ಮೇಲಕ್ಕೆ ತಿಳಿ ಬಣ್ಣದ ಡಿಸ್ಟೆಂಪರ್. ಮಕ್ಕಳ ಕೈ ಕೊಳೆ ತೊಳೆಯಲು ಅನುಕೂಲವೆಂದು ಹಿಂದೆ ಎಲ್ಲರ ಮನೆಯಲ್ಲೂ ಹೀಗೆಯೇ ಬಳಿಸುತ್ತಿದ್ದರು. ವರ್ಷ ವರ್ಷ ಕೋಟಿನ ಮೇಲೆ ಕೋಟು ಬಿದ್ದು, ಎರಡು ಬಣ್ಣ ಕೂಡುವಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಏರು ಎದ್ದಿತ್ತು. ಏರಿನ ಮೇಲೆ ಒರಟು, ಕೆಳಗೆ ನುಣುಪು. ಟಾರ್ಚಮ್ಮನ ಬೆರಳು ಆ ಏರಿನ ಮೇಲೆ ಕೂತರೆ ಕಾಲು ತಾನಾಗಿಯೇ ನಡೆಯುತ್ತಿತ್ತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ನಡುಮನೆಗೆ, ನಡುಮನೆಯಿಂದ ಹೊರಬಾಗಿಲ ಮೆಟ್ಟಿಲಿಗೆ. ಕಂದು ಬಣ್ಣದ ಬಾಗಿಲುಗಳು ತಿಳಿ ಗೋಡೆಯಲ್ಲಿ ಕತ್ತಲೆಯ ತುಂಡುಗಳಂತೆ ನಿಂತು “ಇಲ್ಲಿದೀವಿ” ಎನ್ನುತ್ತಿದ್ದವು.

ಗೋಡೆ ಹಿಡಿದು ನಡೆಯುತ್ತೇನೆಂದು ಮಗಳಿಗೂ ಹೇಳಿರಲಿಲ್ಲ. ಕತ್ತಲಲ್ಲಿ ಊರಿಗೇ ದಾರಿ ತೋರಿಸಿದವಳು ಸ್ವಂತ ಮನೆಯಲ್ಲಿ ತಡಕಾಡುತ್ತಾಳೆಂದರೆ ಮರ್ಯಾದೆಯೇ? ಅಮ್ಮನಿಗೆ ಇನ್ನೂ ಸಾಕಷ್ಟು ಕಾಣುತ್ತದೆ ಎಂದೇ ಮಗಳು ನಂಬಿದ್ದಳು.

ಇಂಥ ಮನೆಗೆ ಮೆರುಗಪ್ಪನ ಕಣ್ಣು ಬಿತ್ತು.

ಅಂಗಡಿಯ ಯಜಮಾನ ಹೊಸ ಅಂಗಡಿ ತೆರೆಯುವವನಿದ್ದ. ಅದಕ್ಕೊಬ್ಬ ಮೇಲ್ವಿಚಾರಕ ಬೇಕಿತ್ತು. ಮೆರುಗಪ್ಪ ಅವನ ಮುಂದೆ, “ನಮ್ಮನೆ ಒಂದ್ಸಲ ಬಂದು ನೋಡಿ ಸಾರ್, ಫಿನಿಶಿಂಗ್ ಅಂದ್ರೆ ಏನೂಂತ ಗೊತ್ತಾಗುತ್ತೆ,” ಎಂದು ಕೊಚ್ಚಿಕೊಂಡ. ಯಜಮಾನ ಬರುತ್ತೇನೆ ಎಂದುಬಿಟ್ಟ. ಮೆರುಗಪ್ಪ ಮನೆಗೆ ಬಂದವನೇ ಗೋಡೆಗೆ ಬಣ್ಣ ಬಳಿಸಬೇಕೆಂದು ಕುಣಿದಾಡಿದ.

“ಎಲ್ಲ ಒಂದೇ ಬಿಳಿ. ಗೋಡೆ, ಬಾಗಿಲು, ಚೌಕಟ್ಟು, ಎಲ್ಲ. ಫುಲ್ ಗ್ಲಾಸ್. ಮನೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತೆ. ಈ ಕಂದು ಪಟ್ಟಿ ತೆಗೆಸಿ ಲೆವೆಲ್ ಮಾಡಿಸ್ತೀನಿ. ಹಳೇ ಆಸ್ಪತ್ರೆ ಇದ್ದ ಹಾಗಿದೆ.”

“ಪಟ್ಟಿ ಇರಲಿ ಅಳಿಯಂದ್ರೇ,” ಎಂದಳು ಟಾರ್ಚಮ್ಮ ಮಂಚದ ಮೇಲಿಂದ.

“ಯಾಕತ್ತೆ?”

“ಇರಲಿ ಅಂದೆ. ಮನೆ ನನ್ನದಲ್ವ?”

ಮೆರುಗಪ್ಪ ನಕ್ಕ. ಕೌಂಟರಿನ ಹಿಂದೆ ನಿಂತು ನಗುವ ನಗೆಯೇ ಅದು. “ಮನೆ ನಿಮ್ಮದೇ ಅತ್ತೆ, ಯಾರು ಇಲ್ಲ ಅಂದ್ರು? ಆದ್ರೆ ನಿಮಗೆ ಕಾಣ್ಸೋದೇ ಇಲ್ಲ. ಕಾಣದೋರಿಗೆ ಬಣ್ಣ ಯಾವುದಾದ್ರೇನು?”

ಇವನಿಗೆ ಉತ್ತರ ಕೊಡುವುದೂ ಒಂದೇ, ಖಾಲಿ ಡಬ್ಬ ಬಡಿಯುವುದೂ ಒಂದೇ ಎಂದು ಟಾರ್ಚಮ್ಮ ಗೋಡೆಯ ಕಡೆ ಮಗ್ಗುಲಾದಳು. ಆಗಲೇ ಹೇಳಬೇಕಿತ್ತು. ಮಾನ ನಾಲಿಗೆ ಹಿಡಿದುಕೊಂಡಿತು.

ಬಣ್ಣದ ವಾಸನೆ ಆಗುವುದಿಲ್ಲವೆಂದು ಆಕೆಯನ್ನು ಅವಳ ಅಕ್ಕನ ಮನೆಗೆ ಕಳಿಸಿದರು. ಇತ್ತ ಪೇಂಟರ್ ಬಂದ. ಅವನು ಮೆರುಗಪ್ಪನಿಗೆ ಹೇಳಿ ಮಾಡಿಸಿದಂಥ ಆಸಾಮಿ. ಏನು ಹೇಳಿದರೂ “ಆಗ್ಲಿ ಸಾರ್” ಎನ್ನುತ್ತಿದ್ದ. ಏರು ಹೆರೆದು ಸಮ ಮಾಡು ಎಂದರೆ ಆಗ್ಲಿ ಸಾರ್. ಗುಳಿ ಮುಚ್ಚುವ ಪುಟ್ಟಿ ಒಂದೇ ಕೈ ಸಾಕು ಎಂದರೆ ಆಗ್ಲಿ ಸಾರ್. ಗೋಡೆ ಒಣಗುವ ಮುಂಚೆ ಬಳಿ ಎಂದರೆ ಅದಕ್ಕೂ ಆಗ್ಲಿ ಸಾರ್. ಬಾವಿಗೆ ಬೀಳು ಎಂದಿದ್ದರೂ ಹಗ್ಗ ಕೇಳದೆ ಆಗ್ಲಿ ಎನ್ನುತ್ತಿದ್ದನೋ ಏನೋ. ಕೆಲಸ ಮುಗಿಸಿ, ಉಳಿದ ಉಜ್ಜುಕಾಗದ, ಒಣಗಿದ ಬ್ರಶ್ಶು, ಬಣ್ಣದ ಡಬ್ಬದ ಮುಚ್ಚಳ ಎಲ್ಲವನ್ನೂ ಬಚ್ಚಲ ಮೂಲೆಯಲ್ಲಿ ಹಾಗೇ ಬಿಟ್ಟು ಹೋದ.

ಮನೆ ಹೊಳೆಯಿತು. ಎಷ್ಟು ಹೊಳೆಯಿತೆಂದರೆ, ಗಾರೆಯವನು ಎಂದೋ ಮಾಡಿದ ತಪ್ಪುಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಕಿಟಕಿಯ ಬೆಳಕು ಅಡ್ಡವಾಗಿ ಬಿದ್ದಾಗ ನಡುಮನೆಯ ಗೋಡೆ ಸಿಡುಬು ಬಂದು ಹೋದವನ ಕೆನ್ನೆಯಂತೆ ಕಾಣುತ್ತಿತ್ತು. ಮೆರುಗಪ್ಪ ಆ ಗೋಡೆಯ ಮುಂದೆ ನಿಂತು ಕ್ರಾಪು ತಿದ್ದಿಕೊಂಡ. ತನ್ನ ಮುಖ ಕಂಡಿತು, ತೃಪ್ತಿಯಾಯಿತು.

ಟಾರ್ಚಮ್ಮ ವಾಪಸು ಬಂದಳು. ಹೊಸ್ತಿಲು ದಾಟಿ ಕೈ ಚಾಚಿದಳು. ಬೆರಳಿಗೆ ಏರು ಸಿಗಲಿಲ್ಲ. ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು. ಎಲ್ಲೆಲ್ಲೂ ಸಾಬೂನು ಸವರಿದಂಥ ನುಣುಪು. ಕಣ್ಣು ಬಿಟ್ಟರೆ ಸುತ್ತಲೂ ಬಿಳಿಯ ಉರಿ. ಬಾಗಿಲು ಯಾವುದು, ಗೋಡೆ ಯಾವುದು, ಒಂದೂ ತಿಳಿಯದು. ಎಡಗಡೆ ಉದ್ದನೆಯ ಬೆಳಕೊಂದು ಬಾಗಿಲಿನ ಆಕಾರದಲ್ಲಿ ಕಂಡಿತು. ಓಣಿ ಅದೇ ಇರಬೇಕೆಂದು ಹೆಜ್ಜೆ ಹಾಕಿದಳು. ಅದು ಎದುರಿನ ಕಿಟಕಿಯ ಬೆಳಕು ಗೋಡೆಯಲ್ಲಿ ಮೂಡಿಸಿದ ಪ್ರತಿಬಿಂಬ. ಹಣೆ ಗೋಡೆಗೆ ಹೊಡೆದು ಧಪ್ ಎಂದಿತು.

“ಅಮ್ಮಾ!” ಮಗಳು ಓಡಿ ಬಂದಳು.

“ಹೊಸ ಹೊಳಪಲ್ವ, ಕಣ್ಣಿಗೆ ಒಗ್ಗಬೇಕು,” ಎಂದ ಮೆರುಗಪ್ಪ, ಗೋಡೆಗೆ ಏನಾದರೂ ಆಯಿತೇ ಎಂದು ಬಗ್ಗಿ ನೋಡುತ್ತ.

ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಮಗಳು ಒತ್ತುವಾಗ ಟಾರ್ಚಮ್ಮ ಮಾನ ಬಿಟ್ಟು ಎಲ್ಲ ಹೇಳಿದಳು. ಏರು, ಬೆರಳು, ಕಂದು ಬಾಗಿಲು, ಚಿತ್ರಮಂದಿರದ ಬಟ್ಟೆಯ ಗೋಡೆ. “ಇಷ್ಟು ದಿನ ನನಗೆ ಯಾಕಮ್ಮ ಹೇಳ್ಲಿಲ್ಲ?” ಎಂದಳು ಮಗಳು. ಆಮೇಲೆ ನಡುಮನೆಗೆ ಹೋಗಿ ಗಂಡನಿಗೆ ಹೇಳಿದಳು.

“ರೀ, ಒಂದು ಪಟ್ಟಿ ಬಳಿಸಿಬಿಡಿ. ಬಾಗಿಲಿಗಾದ್ರೂ ಬೇರೆ ಬಣ್ಣ ಹಾಕ್ಸಿ. ಅಮ್ಮ ಓಡಾಡೋದು ಅದರಿಂದಾನೇ.”

“ಲೇ, ಹುಚ್ಚೇ ನಿಂಗೆ? ಈಗಷ್ಟೇ ಮುತ್ತಿನ ಹಾಗೆ ಮಾಡ್ಸಿದೀನಿ. ಅದರ ಮೇಲೆ ಗೀಟು ಎಳೀಬೇಕಾ? ಯಜಮಾನ್ರು ಬಂದು ಹೋಗ್ಲಿ, ಆಮೇಲೆ ನೋಡೋಣ.”

ಕೋಣೆಯೊಳಗೆ ಕೂತ ಟಾರ್ಚಮ್ಮನಿಗೆ ಎಲ್ಲ ಕೇಳಿಸಿತು. ಈ ‘ಆಮೇಲೆ’ ಅವಳಿಗೆ ಹೊಸದಲ್ಲ. ಸೋರುವ ನಲ್ಲಿ ಆಮೇಲೆ, ಮುರಿದ ಚಿಲಕ ಆಮೇಲೆ, ಎರಡನೇ ಕೈ ಪುಟ್ಟಿ ಆಮೇಲೆ. ಅಳಿಯನ ಪಂಚಾಂಗದಲ್ಲಿ ಆ ದಿನಕ್ಕೆ ತಾರೀಖೇ ಇರಲಿಲ್ಲ.

ಮಾರನೆಯ ದಿನ ಮೆರುಗಪ್ಪ ಒಂದು ಹಿತ್ತಾಳೆಯ ಕೈಗಂಟೆ ತಂದ. ಅದನ್ನೂ ಹುಣಸೆಹಣ್ಣು ಹಾಕಿ ಬೆಳಗಿಸಿ ಥಳಥಳ ಅನ್ನಿಸಿದ್ದ.

“ತೊಗೊಳ್ಳಿ ಅತ್ತೆ. ಬಚ್ಚಲಿಗೆ ಹೋಗ್ಬೇಕು ಅನ್ಸಿದ್ರೆ ಬಾರಿಸಿ. ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರೆ. ಒಬ್ಬರೇ ಏಳೋದು ಬೇಡ.”

“ನೀವು ಬರ್ತೀರಾ ಅಳಿಯಂದ್ರೇ?”

“ನಾನು ಅಂಗಡೀಲಿರ್ತೀನಲ್ಲ.”

“ಇವಳು?”

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಹೋದರೆ ಊಟದ ಹೊತ್ತಿಗೆ ಬರುತ್ತಿದ್ದಳು. “ನಾನು ಬರೋವರೆಗೂ ಹೇಗಾದ್ರೂ ಕೂತಿರಮ್ಮ,” ಎಂದಳು, ತಲೆಯೆತ್ತದೆ. “ಬಿದ್ದು ಸೊಂಟ ಮುರ್ಕೊಂಡ್ರೆ ಆಮೇಲೆ ಮಂಚದಿಂದ ಏಳೋ ಹಾಗೇ ಇಲ್ಲ.”

ಖಾಲಿ ಮನೆಯಲ್ಲಿ ಗಂಟೆ ಬಾರಿಸಿದರೆ ಯಾರು ಬರುತ್ತಾರೆ, ಹಲ್ಲಿಯೇ? ಟಾರ್ಚಮ್ಮ ಒಂದು ಬೆಳಗ್ಗೆ ಪೂರ್ತಿ ಕೂತಿದ್ದು ನೋಡಿದಳು. ಹೊಟ್ಟೆಗೆ ಗಡಿಯಾರ ನೋಡಲು ಬರುವುದಿಲ್ಲ. ಆ ಮಧ್ಯಾಹ್ನ ಮಗಳು ಬಂದಾಗ ಹಾಸಿಗೆಯ ಬಟ್ಟೆ ಬದಲಾಯಿಸಬೇಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂಜೆ ಅಳಿಯ ಬಂದು ಮೂಗು ಹಿಂಡಿ, “ಏನೋ ವಾಸನೆ, ಪೇಂಟ್ ವಾಸನೆ ಹೋಯ್ತು ಅಂದ್ಕೊಂಡ್ರೆ,” ಎಂದ. ಅವನ ಬೂಟಿನ ಟಕಟಕ ನಡುಮನೆಗೆ ಹೋಯಿತು. ಇವನು ತನ್ನ ಬಾಯಿಗೆ ಮಾತ್ರ ಮ್ಯಾಟ್ ಹಾಕಿಸಿಕೊಂಡಿದ್ದರೆ ಲೋಕೋಪಕಾರವಾಗುತ್ತಿತ್ತು ಎಂದುಕೊಂಡಳು ಟಾರ್ಚಮ್ಮ. ಇನ್ನೊಂದು ಸಲ ಆ ಹಾಸಿಗೆ ಒದ್ದೆಯಾಗಬಾರದು. ಅದಕ್ಕಾಗಿ ಏನು ಬೇಕಾದರೂ ಮಾಡುವವಳಾದಳು.

ಯಜಮಾನ ಬರುವ ದಿನ ಬಂತು. ಬೆಳಗ್ಗೆ ಮೆರುಗಪ್ಪ ಗೋಡೆಗಳನ್ನೆಲ್ಲ ಮೆತ್ತನೆಯ ಬಟ್ಟೆಯಿಂದ ಒರೆಸಿದ. “ಯಾರೂ ಮುಟ್ಟಬೇಡಿ,” ಎಂದು ತಾಕೀತು ಮಾಡಿ ಅಂಗಡಿಗೆ ಹೋದ. ಮಗಳೂ ಹೊರಟಳು. ಬೀಗ ಬಿದ್ದ ಸದ್ದಾಯಿತು.

ಟಾರ್ಚಮ್ಮ ಗಂಟೆಯನ್ನು ದಿಂಬಿನ ಕೆಳಗಿಟ್ಟಳು. ಮಂಚದಿಂದಿಳಿದು ನೆಲದ ಮೇಲೆ ಕೂತಳು. ಬೀಳುವ ಭಯವಿದ್ದರೆ ಮೊದಲೇ ಕೂತುಬಿಡುವುದು ಒಳ್ಳೆಯದು. ಗೋಡೆಗೆ ಬೆನ್ನು ಒತ್ತಿ, ಮೆಲ್ಲಮೆಲ್ಲಗೆ ಕುಂಡೆ ಸರಿಸುತ್ತ ಓಣಿ ಹಾಯ್ದು ಬಚ್ಚಲು ಸೇರಿದಳು. ಮೊದಲು ತನ್ನ ಕೆಲಸ ಮುಗಿಸಿಕೊಂಡಳು. ಆಮೇಲೆ ಮೂಲೆಯಲ್ಲಿ ತಡಕಿ, ಪೇಂಟರ್ ಬಿಟ್ಟುಹೋದ ಉಜ್ಜುಕಾಗದ ಹುಡುಕಿದಳು. ಬೆರಳಿಗೆ ಮರಳಿನಂತೆ ಒರಟಾಗಿ ಹತ್ತಿತು. ಎಷ್ಟೋ ದಿನಗಳ ಮೇಲೆ ಬೆರಳಿಗೆ ಅರ್ಥವಾಗುವ ವಸ್ತುವೊಂದು ಸಿಕ್ಕಿತ್ತು.

ಎದ್ದು ನಿಂತಳು. ಬಚ್ಚಲ ಬಾಗಿಲ ಪಕ್ಕದಲ್ಲಿ, ಕೈ ಸಹಜವಾಗಿ ತಲುಪುವ ಎತ್ತರದಲ್ಲಿ, ಉಜ್ಜಲು ಶುರುಮಾಡಿದಳು. ಸರ್, ಸರ್, ಸರ್. ಮೊದಲು ಜಾರಿತು. ಒತ್ತಿ ಉಜ್ಜಿದಳು. ಮೆರುಗು ಬಿಟ್ಟುಕೊಟ್ಟಿತು. ಅಂಗೈಯಿಂದ ಸವರಿ ನೋಡಿದಳು: ಸುತ್ತಲೂ ಸಾಬೂನು, ನಡುವೆ ಒರಟು. ಬಚ್ಚಲ ಬಳಿ ಅಂಗೈಯಗಲ ಮಾಡಿದಳು, ಗುರುತಿಗೆ. ಅಲ್ಲಿಂದ ಮೂರು ಬೆರಳಗಲದ ಪಟ್ಟಿಯನ್ನು ಉಜ್ಜುತ್ತ ಕೋಣೆಯ ಕಡೆ ನಡೆದಳು. ಉಜ್ಜಿದಷ್ಟು ದಾರಿ ಅವಳದು. ಉಜ್ಜದ ಕಡೆ ಹೆಜ್ಜೆಯಿಡಲಿಲ್ಲ. ಓಣಿಯಲ್ಲಿ ಪಟ್ಟಿ ಒಂದಿಷ್ಟು ಮೇಲೆ ಹೋಯಿತು, ಭುಜ ಸೋತಾಗ ಕೆಳಗಿಳಿಯಿತು. ಇಳಿಯಲಿ. ಅಳಿಯನ ಗೋಡೆಯೇ ಡೊಂಕು, ಪಟ್ಟಿ ನೆಟ್ಟಗಿದ್ದರೆ ಗೋಡೆಗೆ ಅವಮಾನ. ಮೂಗಿನೊಳಗೆ ಬಿಳಿ ಪುಡಿ ಸೇರಿ ಸೀನು ಬಂತು. ಸೀನುತ್ತ ಉಜ್ಜಿದಳು. ಒಂದು ಕಾಗದ ಸವೆದು ಬಟ್ಟೆಯಂತಾದಾಗ ಇನ್ನೊಂದು ತೆಗೆದುಕೊಂಡಳು. ತನ್ನ ಕೋಣೆ ಮುಗಿಯಿತು. ನಡುಮನೆಗೆ ಬಂದಾಗ, ಆ ದಿನ ಹಣೆ ಬಡಿದ ಜಾಗವನ್ನು ಸ್ವಲ್ಪ ಹೆಚ್ಚೇ ಉಜ್ಜಿದಳು. ಅಲ್ಲಿ ಕೆಲಸಕ್ಕಿಂತ ಹಗೆ ಜಾಸ್ತಿಯಿತ್ತು.

ಬೀಗ ತೆಗೆದ ಸದ್ದು ಕೇಳಿದಾಗ ಹೊರಬಾಗಿಲಿಗೆ ಇನ್ನೊಂದಿಷ್ಟು ಗೋಡೆ ಬಾಕಿಯಿತ್ತು.

ಮಗಳು ಬಾಗಿಲಲ್ಲೇ ನಿಂತಳು. ಅಮ್ಮನ ಕೂದಲು, ಹುಬ್ಬು, ಸೀರೆ ಎಲ್ಲ ಬಿಳಿ ಪುಡಿ. ಗೋಡೆಯ ಮೇಲೆ ಹೊಳಪು ಸತ್ತ ಪಟ್ಟಿಯೊಂದು ಹಾವಿನಂತೆ ಹರಿದು ಬಂದಿತ್ತು.

“ಅಮ್ಮಾ... ಏನು ಮಾಡ್ದೆ? ಸಂಜೆ ಅವರ ಯಜಮಾನ್ರು ಬರ್ತಾರೆ!”

“ಬರಲಿ. ಬಚ್ಚಲು ಎಲ್ಲಿದೆ ಅಂತ ಕೇಳಿದ್ರೆ ತೋರಿಸ್ತೀನಿ.”

ಮಗಳು ಕೂತುಬಿಟ್ಟಳು. ಅಳುತ್ತಾಳೋ ಬೈಯುತ್ತಾಳೋ ಎಂದು ಟಾರ್ಚಮ್ಮ ಕಿವಿಯಾನಿಸಿದಳು. ಕೊಂಚ ಹೊತ್ತಾದ ಮೇಲೆ ಮಗಳ ಹೆಜ್ಜೆ ಹತ್ತಿರ ಬಂತು. ಮಗಳ ಕೈ ಅಮ್ಮನಿಂದ ಉಜ್ಜುಕಾಗದ ಕಿತ್ತುಕೊಂಡಿತು. ಮುಗಿಯಿತು, ಹರಿದು ಎಸೆಯುತ್ತಾಳೆ ಎಂದುಕೊಂಡಳು.

ಸರ್, ಸರ್, ಸರ್.

“ನೀನು ಹೋಗಿ ಮುಖ ತೊಳ್ಕೊ,” ಎಂದಳು ಮಗಳು. “ಬಾಗಿಲವರೆಗೆ ನಾನು ಮುಗಿಸ್ತೀನಿ.”

ಈಗಲೂ ಆ ಮನೆಯ ಪಟ್ಟಿ ಎಲ್ಲ ಕಡೆ ಡೊಂಕು, ಹೊರಬಾಗಿಲ ಹತ್ತಿರ ಮಾತ್ರ ನೆಟ್ಟಗೆ.

ಸಂಜೆ ಮೆರುಗಪ್ಪ ಯಜಮಾನನ ಕಾರಿನಲ್ಲೇ ಬಂದಿಳಿದ. ಟಾರ್ಚಮ್ಮ ನಡುಮನೆಯ ಕುರ್ಚಿಯಲ್ಲಿ, ತೊಳೆದ ಸೀರೆಯುಟ್ಟು, ಕೈ ಮಡಿಲಲ್ಲಿಟ್ಟು ಕೂತಿದ್ದಳು. ಮೆಟ್ಟಿಲ ಮೇಲಿನಿಂದಲೇ ಅಳಿಯನ ಭಾಷಣ ಕೇಳಿಬಂತು. “ಒಳಗೆ ಬನ್ನಿ ಸಾರ್. ಗೋಡೆ ಅನ್ಸಲ್ಲ, ಗಾಜು ಅನ್ಸುತ್ತೆ. ಒಂದು ಗೀರು ತೋರ್ಸಿ ನೋಡೋಣ...”

ಮಾತು ಅಲ್ಲೇ ನಿಂತಿತು.

ಯಜಮಾನ ಎಂಬವನು ಕಂಡದ್ದನ್ನೆಲ್ಲ ಕಾನ್ಸೆಪ್ಟ್ ಎನ್ನುವ ಜಾತಿ. ಅವನ ಬೆರಳು ಪಟ್ಟಿಯ ಮೇಲೆ ಹೋದದ್ದು ಟಾರ್ಚಮ್ಮನಿಗೆ ಕೇಳಿಸಿತು. ಒರಟಿನ ಮೇಲೆ ಉಗುರು ಸರಕ್ ಎಂದಿತು.

“ಏನಯ್ಯ ಇದು? ಹಸು ನೆಕ್ಕಿದ ಹಾಗಿದೆ?”

“ಅದು... ಸಾರ್... ಬೆಳಗ್ಗೆ... ಅದು...” ಮೆರುಗಪ್ಪನ ಬಾಯಿ ತೆರೆದೇ ಇತ್ತು. ಎದುರಿನ ಹೊಳೆಯುವ ಗೋಡೆ ಆ ತೆರೆದ ಬಾಯನ್ನು ಇನ್ನೊಂದು ಸಲ ತೋರಿಸುತ್ತಿದ್ದಿರಬೇಕು.

ಟಾರ್ಚಮ್ಮನಿಗೆ ಒಂದು ಕ್ಷಣ ಬೇಕಾಗಿತ್ತು, ಅಷ್ಟೇ. ನಿಜ ಹೇಳಿದರೆ ಅಳಿಯನ ಮಾನ ಹೋಗುತ್ತದೆ, ನೋಡಲು ಚೆಂದ. ಆದರೆ ನಾಳೆ ಬೆಳಗ್ಗೆ ‘ಆಗ್ಲಿ ಸಾರ್’ ಬಂದು ಪಟ್ಟಿಯ ಮೇಲೆ ಮತ್ತೆ ಗ್ಲಾಸ್ ಬಳಿಯುತ್ತಾನೆ, ಮತ್ತೆ ಗಂಟೆ, ಮತ್ತೆ ಒದ್ದೆ ಹಾಸಿಗೆ. ಕತ್ತಲಲ್ಲಿ ಕಂಗಾಲಾಗಿ ನಿಂತವರನ್ನು ಆಕೆ ಬೇಕಾದಷ್ಟು ನೋಡಿದ್ದಳು. ಅಂಥವರಿಗೆ ಬೆಳಕು ಎಲ್ಲಿ ಬಿದ್ದರೆ ಅದೇ ಅವರ ಸೀಟು.

“ನಮ್ಮ ಅಳಿಯಂದ್ರು ನನಗೋಸ್ಕರ ಮಾಡ್ಸಿದ್ದು ಸಾರ್,” ಎಂದಳು ಕುರ್ಚಿಯಿಂದ. “ನನಗೆ ಕಣ್ಣು ಕಾಣಲ್ಲ. ಹೊಳೆಯೋ ಗೋಡೇಲಿ ಮಂಕು ಪಟ್ಟಿ ಇದ್ರೆ ಮುಟ್ಕೊಂಡು ಓಡಾಡಬಹುದು ಅಂತ ಅವರೇ ಯೋಚನೆ ಮಾಡಿದ್ರು. ಹೇಳ್ಕೊಳ್ಳೋಕೆ ನಾಚ್ಕೆ ಅವರಿಗೆ.”

ಟಾರ್ಚು ಬಿದ್ದ ಕಡೆ ಮೆರುಗಪ್ಪ ಹೋಗಿ ಕೂತ. ಎಷ್ಟು ಸಲೀಸಾಗಿ ಕೂತನೆಂದರೆ ಆ ಸೀಟು ಹುಟ್ಟಿದಾಗಿನಿಂದ ಅವನ ಹೆಸರಿನಲ್ಲೇ ಇತ್ತೆನ್ನಬೇಕು.

“ಹಾಂ ಸಾರ್! ಅದೇ ಹೇಳ್ಬೇಕು ಅಂತಿದ್ದೆ. ಬರೀ ಗ್ಲಾಸ್ ಹಾಕೋರು ಸಾವಿರ ಜನ ಇದಾರೆ. ಹೊಳಪಿನ ಮೇಲೆ ಮಂಕು ಕೊಡೋದಿದ್ಯಲ್ಲ, ಅದು ತಲೆ. ಎಷ್ಟು ನಿದ್ದೆ ಕೆಟ್ಟಿದೀನಿ ಗೊತ್ತಾ ಇದಕ್ಕೆ? ನೋಡಿ, ಬೇಕಂತಲೇ ಡೊಂಕು ಮಾಡ್ಸಿದ್ದು. ನೆಟ್ಟಗಿದ್ರೆ ನ್ಯಾಚುರಲ್ ಅನ್ಸಲ್ಲ.”

“ಬಾಗಿಲ ಹತ್ರ ನೆಟ್ಟಗಿದ್ಯಲ್ಲಯ್ಯ?”

“ಅದು... ಅತಿಥಿಗಳಿಗೆ ಗೌರವ ಸಾರ್.”

ಟೀ ತರುತ್ತಿದ್ದ ಮಗಳ ಕೈಯಲ್ಲಿ ಕಪ್ಪುಗಳು ಗಿಲಗಿಲ ಅಂದವು. ನಗು ತಡೆಯುತ್ತಿದ್ದಾಳೆಂದು ಟಾರ್ಚಮ್ಮನಿಗೆ ತಿಳಿಯಿತು.

ಯಜಮಾನನಿಗೆ ಪುರಾವೆ ಬೇಕಿತ್ತು. ಟಾರ್ಚಮ್ಮ ಎದ್ದಳು. ಬೆರಳು ಗೋಡೆಗೆ ಕೊಟ್ಟು ನಡುಮನೆ ದಾಟಿ ಓಣಿ ಹಿಡಿದಳು, ಅಂಗೈಯಗಲದ ಗುರುತು ಸಿಕ್ಕಿದೊಡನೆ ಬಚ್ಚಲ ಬಾಗಿಲು ತೆರೆದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಿಧಾನವಾಗಿ, ಯಾರ ಅವಸರವೂ ಇಲ್ಲದೆ, ಕೈಕಾಲು ತೊಳೆದುಕೊಂಡು ವಾಪಸು ಬಂದು ಕುರ್ಚಿಯಲ್ಲಿ ಕೂತಳು. ಎಲ್ಲಿಯೂ ಎಡವಲಿಲ್ಲ. ಯಜಮಾನ ಚಪ್ಪಾಳೆ ತಟ್ಟಿದ. ಚಪ್ಪಾಳೆ ತಟ್ಟಿದ್ದು ಅಳಿಯನ ಕಡೆ ತಿರುಗಿ.

“ಕಾನ್ಸೆಪ್ಟ್ ಅಂದ್ರೆ ಇದು ಕಣಯ್ಯ!”

ಆ ರಾತ್ರಿ ಮೆರುಗಪ್ಪ ಕೂಗಾಡಬಹುದೆಂದು ಮಗಳು ಅಂದುಕೊಂಡಿದ್ದಳು. ಕೂಗಾಡಲಿಲ್ಲ. ಊಟದ ಹೊತ್ತಿಗಾಗಲೇ ಅದು ತನ್ನ ಯೋಚನೆ ಎಂದು ಅವನಿಗೇ ನಂಬಿಕೆ ಬಂದಿತ್ತು. “ಆವತ್ತು ಅತ್ತೆ ಹಣೆ ಬಡಿಸ್ಕೊಂಡ್ರಲ್ಲ, ಆಗಲೇ ನನ್ನ ತಲೇಲಿ ಹೊಳೀತು,” ಎಂದ ಅನ್ನ ಕಲಸುತ್ತ. ಅವನ ತಲೆಯಲ್ಲಿಯೂ ಏನಾದರೂ ಹೊಳೆಯದೆ ಇರಲು ಸಾಧ್ಯವೇ?

ಅಲ್ಲಿಂದ ಮುಂದೆ ಟಾರ್ಚಮ್ಮನ ಕೆಲಸ ಸುಲಭವಾಯಿತು. ಕಾನ್ಸೆಪ್ಟ್ ಪೂರ್ತಿಯಾಗಬೇಕಾದರೆ ಬಾಗಿಲುಗಳು ಗಾಢವಾಗಿರಬೇಕಲ್ಲವೇ ಅಳಿಯಂದ್ರೇ ಎಂದಳು. ಮರುದಿನವೇ ಬಾಗಿಲುಗಳು ಕಂದಾದವು. ಪಟ್ಟಿಯ ಎದುರಿನ ಗೋಡೆಗೆ ಬೆಳಕು ಹೊಡೆಯದಂಥ ಬಣ್ಣವಿದ್ದರೆ ಪಟ್ಟಿ ಇನ್ನೂ ಎದ್ದು ಕಾಣುವುದಿಲ್ಲವೇ ಎಂದಳು. ಕಣ್ಣಿಗೆ ಉರಿ ಎಬ್ಬಿಸುತ್ತಿದ್ದ ಆ ಗೋಡೆಗೆ ಮ್ಯಾಟ್ ಬಂತು. ಮುಖ ತೊಳೆಯದ ಮ್ಯಾಟ್, ಮೆರುಗಪ್ಪನ ಸ್ವಂತ ಮನೆಯಲ್ಲಿ! ಪೇಂಟರ್ ಎಲ್ಲದಕ್ಕೂ ಆಗ್ಲಿ ಸಾರ್ ಎಂದ.

ಹೊಸ ಅಂಗಡಿಯ ಮೇಲ್ವಿಚಾರಕನ ಕೆಲಸ ಮೆರುಗಪ್ಪನಿಗೇ ಸಿಕ್ಕಿತು. ಅಲ್ಲಿ ಈಗ ಚಪ್ಪಲಿ ನೋಡಿ ಎಲ್ಲರಿಗೂ ಮಂಕು ಪಟ್ಟಿ ಹೇಳುತ್ತಾನಂತೆ. ಒಬ್ಬ ಜಿಮ್‌ನವನಿಗೂ ಹೇಳಿದನಂತೆ. ಗಿರಾಕಿಗಳು ನಂಬದಿದ್ದರೆ ಮನೆಗೇ ಕರೆತರುತ್ತಾನೆ.

ಮೊನ್ನೆ ಒಂದು ಗುಂಪು ಬಂದಿತ್ತು. ಟಾರ್ಚಮ್ಮ ಆಗಷ್ಟೇ ಹೊರಗಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಂಡು, ತಾನಾಗಿಯೇ ಒಳಗೆ ಬಂದು ಕೂತಿದ್ದಳು. ಗಂಟೆ ಪಕ್ಕದ ಸ್ಟೂಲಿನ ಮೇಲಿತ್ತು.

“ಅತ್ತೇ, ಒಂದ್ಸಲ ಬಚ್ಚಲವರೆಗೆ ನಡೆದು ತೋರ್ಸಿ. ಇವರು ದೂರದಿಂದ ಬಂದಿದಾರೆ,” ಎಂದ ಮೆರುಗಪ್ಪ.

ಟಾರ್ಚಮ್ಮ ಗಂಟೆ ತೆಗೆದುಕೊಂಡು ಗಣಗಣ ಬಾರಿಸಿದಳು. ಚಿತ್ರಮಂದಿರದಲ್ಲಿ ಆಟಕ್ಕೆ ಮುಂಚೆ ಬಾರಿಸುವ ಹಾಗೆ, ಉದ್ದಕ್ಕೆ. ಎಲ್ಲರೂ ಗಪ್‌ಚಿಪ್ಪಾದರು.

“ಈ ಆಟ ಮುಗೀತು ಅಳಿಯಂದ್ರೇ,” ಎಂದಳು. “ಮುಂದಿನ ಆಟ ನನಗೆ ಬಚ್ಚಲಿಗೆ ಹೋಗ್ಬೇಕು ಅನ್ಸಿದಾಗ. ಅಲ್ಲೀವರೆಗೆ ಎಲ್ಲರನ್ನೂ ಹೊರಗೆ ನಿಲ್ಸಿ. ಟಿಕೆಟ್ ಇಲ್ದೆ ಒಳಗೆ ಬಿಡಬೇಡಿ.”

ಗಂಟೆಯನ್ನು ಅಳಿಯನ ಕೈಗೆ ಕೊಟ್ಟು, ಬೆರಳು ಗೋಡೆಗೆ ಕೊಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.